ಇಬ್ಬರಿಗಾಗುವಷ್ಟು ಓ

ತೆರೆದ ಬಾಗಿಲಿನ ಎಡಕ್ಕೆ, ಹೊಸ್ತಿಲಿಗೆ ತಾಗದಷ್ಟು ದೂರದಲ್ಲಿ, ಒಂದು ಜೊತೆ ಚಪ್ಪಲಿ. ಹೆಂಗಸಿನದು. ಒಂದರ ಪಟ್ಟಿ ಕಿತ್ತುಹೋಗಿ ಅದನ್ನು ನೀಲಿ ದಾರದಿಂದ ಹೊಲಿದಿದೆ. ಹೊಲಿಗೆ ಒತ್ತಾಗಿದೆ, ಅವಸರದ್ದಲ್ಲ. ಹಿಮ್ಮಡಿಯ ಕಡೆ ತೊಗಲು ಸವೆದು ಸಣ್ಣ ದೋಣಿಯ ಹಾಗೆ ಒಳಬಾಗಿದೆ. ಮಧ್ಯಾಹ್ನ ಇಳಿಯುವ ಹೊತ್ತಿನ ಬಿಸಿಲು ಎದುರುಮನೆಯ ಮಾಡನ್ನು ದಾಟಿ ಬಂದು, ಬಾಗಿಲಿನ ಒಂದು ಹಲಗೆಯ ಮೇಲೆ ಒರಗಿ, ಅಲ್ಲಿಂದ ಇಳಿದು ಚಪ್ಪಲಿಗಳ ಅರ್ಧವನ್ನಷ್ಟೇ ಮುಟ್ಟಿದೆ. ಉಳಿದರ್ಧ ನೆರಳಿನಲ್ಲಿದೆ. ಹೊಸ್ತಿಲಿಗೆ ಬೆಳಗ್ಗೆ ಬಳಿದ ಅರಿಶಿನ ಒಣಗಿ ಬಿರುಕುಬಿಟ್ಟಿದೆ. ಚಪ್ಪಲಿಗಳ ಮೂತಿ ಮನೆಯ ಒಳಗಡೆಗೆ ತಿರುಗಿದೆ. ಬಿಟ್ಟವರು ಬೇಗ ಹೊರಡುವ ಯೋಚನೆಯಲ್ಲಿ ಬಂದವರಲ್ಲ.

ಅಂಗಡಿಯಿಂದ ಊಟಕ್ಕೆ ತಡವಾಗಿ ಬಂದ ನಾನು ಬೀದಿಯಲ್ಲೇ ನಿಂತೆ. ಆ ಚಪ್ಪಲಿ ನಮ್ಮ ಮನೆಯದಲ್ಲ ಎಂದು ತಿಳಿಯಲು ಕನ್ನಡಕ ಬೇಕಿರಲಿಲ್ಲ, ಕನ್ನಡಕ ಮಾರುವುದೇ ನನ್ನ ಕಸುಬಾದರೂ. ನನ್ನನ್ನು ತಡೆದದ್ದು ಒಳಗಿನಿಂದ ಬಂದ ಒಂದು ನಗು. ನನ್ನ ಮಗಳು ಚಾರುವಿನದು. ಅವಳ ನಗುಗಳೆಲ್ಲ ನನಗೆ ಗೊತ್ತು ಎಂದು ನಾನು ತಿಳಿದಿದ್ದೆ. ಇದು ಗೊತ್ತಿರಲಿಲ್ಲ. ಇಷ್ಟು ವರ್ಷ ಯಾವುದೋ ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದು ಯಾರೋ ಬಂದರೆಂದು ತೆಗೆದು ಉಟ್ಟ ಸೀರೆಯ ಹಾಗಿತ್ತು ಆ ನಗು.

ನಾನು ಕೆಮ್ಮಿ ಒಳಗೆ ಹೋದೆ.

ನಮ್ಮೂರಿನಲ್ಲಿ ಮನೆಗಳು ಓಗೊಡುತ್ತವೆ. ಮನೆಗೆ ಸೇರಿದವರು ಹೊಸ್ತಿಲಲ್ಲಿ ನಿಂತು ಯಾರನ್ನು ಕರೆದರೂ ಮನೆಯೇ 'ಓ' ಅನ್ನುತ್ತದೆ. ಅಷ್ಟೇ ಅದರ ಮಾತು. ಇನ್ನೊಂದಕ್ಷರ ಅದಕ್ಕೆ ಬಾರದು. ನಮ್ಮ ಮನೆಯ ಓ ಉಗ್ರಾಣದ ಬಾಗಿಲ ಬಳಿಯಿಂದ ಹೊರಡುತ್ತದೆ, ಖಾಲಿ ಹಂಡೆಗೆ ಬಾಯಿಟ್ಟು ಯಾರೋ ಊದಿದ ಹಾಗೆ. ಎದುರಿನ ಮಿಠಾಯಿಯವರ ಮನೆಯದು ಮೂಗಿನಲ್ಲಿ ಅನ್ನುವ ಓ. ಹೊರಗಿನವರು ಗಂಟಲು ಹರಿಯುವಂತೆ ಕೂಗಿದರೂ ಮನೆಗಳು ತುಟಿ ಬಿಚ್ಚುವುದಿಲ್ಲ. ಹೀಗಾಗಿ ಬಾಡಿಗೆಗೆ ಬಂದವರು ಯಾರನ್ನೂ ಕರೆಯದೆ ಚಿಲಕ ಅಲ್ಲಾಡಿಸಿ ಒಳಗೆ ಬರುವುದನ್ನು ರೂಢಿಸಿಕೊಳ್ಳುತ್ತಾರೆ. ಹೊಸ ಸೊಸೆಯಂದಿರು ಅತ್ತೆ ಮಲಗಿದ ಹೊತ್ತು ನೋಡಿ ಹೊಸ್ತಿಲಿಗೆ ಬಂದು, ಬೆಕ್ಕನ್ನು ಕರೆಯುವವರ ಹಾಗೆ ನಟಿಸುತ್ತ, ಮೆಲ್ಲಗೆ ಕರೆದು ನೋಡುತ್ತಾರೆ. ಅಣ್ಣತಮ್ಮಂದಿರು ಜಗಳವಾಡಿ ಬೇರೆಯಾದಾಗ ಯಾರಿಗೆ ಮನೆ ಎಂದು ತೀರ್ಮಾನಿಸಲು ಪಂಚಾಯಿತಿಯವರಿಗೆ ಬಹಳ ಹೊತ್ತು ಬೇಕಾಗುವುದಿಲ್ಲ.

ಮನುಷ್ಯರು ಬಾಯಿಂದ ಓ ಅನ್ನುವುದು ನಮ್ಮಲ್ಲಿ ಅಸಭ್ಯ. ಅದು ಮನೆಯ ಮಾತು. ಕರೆದರೆ 'ಬಂದೆ' ಅನ್ನಬೇಕು, 'ಏನು' ಅನ್ನಬೇಕು, ಇಲ್ಲವೆ ಸುಮ್ಮನೆ ಎದ್ದು ಬರಬೇಕು. ಮಕ್ಕಳು ಗೊತ್ತಿಲ್ಲದೆ ಅಂದರೆ ತುಟಿಯ ಮೇಲೆ ಬೆರಳಿನಿಂದ ಬಡಿಯುತ್ತಾರೆ. ನನ್ನ ಅಂಗಡಿಯ ಗೋಡೆಗೆ ಕಣ್ಣಿನ ಪರೀಕ್ಷೆಗೆಂದು ತೂಗುಹಾಕಿರುವ ಅಕ್ಷರದ ಹಲಗೆಯಲ್ಲೂ ಒ ಆದ ಮೇಲೆ ನೇರವಾಗಿ ಔ ಬರುತ್ತದೆ.

ಇನ್ನೊಂದು ಮಾತು. ಒಬ್ಬರಿಗೆ ಒಂದೇ ಮನೆ ಓಗೊಡುತ್ತದೆ. ಮದುವೆಯಾಗಿ ಹೋದ ಹುಡುಗಿಗೆ ಗಂಡನ ಮನೆ ಓ ಅಂದ ದಿನ ತೌರಿನ ಮನೆ ಸುಮ್ಮನಾಗುತ್ತದೆ. ಆಮೇಲೆ ಅವಳು ಮೊದಲ ಸಲ ತೌರಿಗೆ ಬಂದು ಹೊಸ್ತಿಲಲ್ಲಿ ನಿಂತು 'ಅಮ್ಮಾ' ಎಂದು ಕರೆದಾಗ, ಒಳಗಿರುವ ತಾಯಂದಿರು ಬೇಕೆಂದೇ ಪಾತ್ರೆಗಳ ಸದ್ದು ಮಾಡುತ್ತಾರೆ. ಮೌನ ಮಗಳ ಕಿವಿಗೆ ಬೀಳದಿರಲಿ ಎಂದು.

ಗಂಡಸರಲ್ಲಿ ಈ ಕಷ್ಟ ಮನೆಅಳಿಯಂದಿರಿಗೆ ಮಾತ್ರ. ನಾನು ಮನೆಅಳಿಯ. ಹೆಂಡತಿ ಮಂದಾಕಿನಿ ಒಬ್ಬಳೇ ಮಗಳು, ಮನೆ ಅವಳದು. ಮದುವೆಯಾದ ವರ್ಷ ನಾನು ಹೊಸ್ತಿಲಲ್ಲಿ ನಿಂತು ಅವಳನ್ನು ಕರೆದೆ. ಮನೆ ಸುಮ್ಮನಿತ್ತು. ಮತ್ತೆ ಕರೆದೆ. ಮಾವ ಒಳಗಿನಿಂದ, "ನಿಧಾನವಾಗಿ ಆಗುತ್ತೆ ಬನ್ನಿ, ಇದು ಹಳೇ ಮನೆ, ಕಿವಿ ಸ್ವಲ್ಪ ಮಂದ," ಎಂದು ಸಮಾಧಾನ ಹೇಳಿದರು. ಆಮೇಲೆ ನಾನು ಕರೆಯುವುದನ್ನು ಬಿಟ್ಟು ಕೆಮ್ಮತೊಡಗಿದೆ. ಬೀದಿಯಲ್ಲಿ ನನಗೆ ಕೆಮ್ಮಳಿಯಂದಿರು ಎಂದು ಹೆಸರು ಬಿತ್ತು. ಇನ್ನೂ ಅವಮಾನದ ಸಂಗತಿಯೆಂದರೆ, ಕೆರೆ ಬೀದಿಯಲ್ಲಿದ್ದ ನಾನು ಹುಟ್ಟಿದ ಮನೆ ನನಗೆ ಓಗೊಡುತ್ತಲೇ ಇತ್ತು. ರಸ್ತೆ ಅಗಲ ಮಾಡಲು ಅದನ್ನು ಕೆಡವಿದ ದಿನ ಹೋಗಿ ಕೊನೆಯ ಸಲ ಕರೆದೆ. ಗೋಡೆ ಅರ್ಧ ಉಳಿದಿತ್ತು. ಅರ್ಧ ಓ ಅಂದಿತು.

ಮಕ್ಕಳಾಗಲಿಲ್ಲ. ಮಂದಾಕಿನಿಯೇ ಮಾತಾಡಿ ನಾಲ್ಕು ವರ್ಷದ ಹುಡುಗಿಯನ್ನು ಕರೆತಂದಳು. ಗಂಡ ಬಿಟ್ಟುಹೋದ ನೀಲಾವತಿ ಎಂಬ ಹೆಂಗಸಿನ ಮಗಳು. ಆಕೆಗೆ ದೂರದ ಊರಿನ ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಸಿಕ್ಕಿತ್ತು, ಅಲ್ಲಿ ಮಗುವನ್ನು ಇಟ್ಟುಕೊಳ್ಳುವ ಹಾಗಿರಲಿಲ್ಲ. ನೀಲಾವತಿ ನಮ್ಮ ಹೊಸ್ತಿಲವರೆಗೆ ಬರಲಿಲ್ಲ. ಬೀದಿಯ ತಿರುವಿನಲ್ಲಿ ಮಗುವಿನ ಕೈ ಬಿಡಿಸಿಕೊಂಡು ಹೊರಟಳು. ಮಂದಾಕಿನಿ ಮಗುವನ್ನು ಎತ್ತಿ ತಂದು ಹೊಸ್ತಿಲ ಮೇಲೆ ನಿಲ್ಲಿಸಿದಳು. ಮಗು ಮನೆಯ ಕಡೆ ನೋಡಲೇ ಇಲ್ಲ. ಮುಖವನ್ನು ಬೀದಿಗೆ ತಿರುಗಿಸಿ, ದೂರದಲ್ಲಿ ಸಣ್ಣದಾಗುತ್ತಿದ್ದ ಬೆನ್ನನ್ನು ನೋಡುತ್ತ, "ಅವ್ವಾ" ಎಂದು ಕೂಗಿತು.

ಮನೆ "ಓ" ಅಂದಿತು.

ಅಂಥ ಓ ಅದರ ಹಿಂದೆ ನಾನು ಕೇಳಿರಲಿಲ್ಲ. ಉಗ್ರಾಣದಿಂದ ಹೊರಟು, ನಡುಮನೆಯನ್ನು ತುಂಬಿ, ಬೀದಿಗೆ ಚೆಲ್ಲಿತು. ಎದುರುಮನೆಯವರು ಮಿಠಾಯಿಯ ತಟ್ಟೆ ಹಿಡಿದು ಓಡಿಬಂದರು. ಮಂದಾಕಿನಿ ಅಳುತ್ತಿದ್ದಳು. ನಾನೂ ಮಿಠಾಯಿ ತಿಂದೆ. ಕರೆದದ್ದು ನಮ್ಮನ್ನಲ್ಲ, ಬಿಟ್ಟುಹೋದವಳನ್ನು. ಆದರೂ ಓ ಅಂದದ್ದು ನನಗೆಂದೂ ಓ ಅನ್ನದ ಮನೆ. ಈ ಎರಡು ಮಾತುಗಳಲ್ಲಿ ಯಾವುದು ಹೆಚ್ಚು ನೋಯಿಸಿತು ಎಂದು ನನಗೆ ಈಗಲೂ ಸರಿಯಾಗಿ ತಿಳಿಯದು.

ಹೊಟ್ಟೆಕಿಚ್ಚು ಕೂಡ ಒಂದು ಬಗೆಯ ಅಕ್ಕರೆ ಎಂದು ಆಮೇಲೆ ತಿಳಿಯಿತು. ಆ ಮಗುವಿನ ಮೇಲೆ ಕಣ್ಣಿಟ್ಟು ಕಣ್ಣಿಟ್ಟು ನಾನು ಅದನ್ನು ಬಿಟ್ಟಿರಲಾರದವನಾದೆ. ಶಾಲೆ ಬಿಡುವ ಹೊತ್ತಿಗೆ ಅಂಗಡಿಯ ಬಾಗಿಲು ಹಾಕಿ ತಿರುವಿನಲ್ಲಿ ಕಾಯುತ್ತಿದ್ದೆ. ಚಾರು ಕೈಹಿಡಿದು ಬರುತ್ತಿದ್ದಳು, ಹೊಸ್ತಿಲಲ್ಲಿ "ಅಮ್ಮಾ" ಅನ್ನುತ್ತಿದ್ದಳು, ಮನೆ ಓ ಅನ್ನುತ್ತಿತ್ತು, ಆ ಓ ಇನ್ನೂ ಗಾಳಿಯಲ್ಲಿರುವಾಗಲೇ ನಾನು ಅವಳ ಹಿಂದೆ ಒಳಗೆ ಕಾಲಿಡುತ್ತಿದ್ದೆ. ಕೆಮ್ಮುವ ಅಗತ್ಯ ಬೀಳುತ್ತಿರಲಿಲ್ಲ. ಅದು ಇಬ್ಬರಿಗಾಗುವಷ್ಟು ಓ. ಅವಳು ಬೆಳೆದು ನನ್ನ ಜೊತೆ ಅಂಗಡಿಯಲ್ಲೇ ಕೂತು ಗಾಜು ಉಜ್ಜುವುದನ್ನು ಕಲಿತ ಮೇಲೆ ನಾವು ಪ್ರತಿ ಸಂಜೆ ಒಟ್ಟಿಗೇ ಮನೆಗೆ ಬರುತ್ತಿದ್ದೆವು. ಈಚಿನ ವರ್ಷಗಳಲ್ಲಿ ಅವಳು "ಅಮ್ಮಾ" ಅನ್ನುವುದನ್ನು ಬಿಟ್ಟು, ನಾನು ನಿಧಾನವಾಗಿ ಹಿಂದೆ ಬರುತ್ತೇನೆಂದು, ಹೊಸ್ತಿಲಲ್ಲಿ ತಿರುಗಿ ನಿಂತು "ಅಪ್ಪಾ" ಎಂದೇ ಕರೆಯುತ್ತಿದ್ದಳು. ನನ್ನನ್ನು ಕರೆದದ್ದಕ್ಕೆ ಮನೆ ಓ ಅನ್ನುತ್ತಿತ್ತು. ಮುಪ್ಪಿನಲ್ಲಿ ಇಷ್ಟು ಸಿಕ್ಕರೆ ಸಾಕು ಎಂದುಕೊಂಡಿದ್ದೆ.

ಆ ಮಧ್ಯಾಹ್ನ ಚಾರು ತಲೆನೋವೆಂದು ಮನೆಯಲ್ಲೇ ಉಳಿದಿದ್ದಳು. ಅದಕ್ಕೇ ನಾನು ಒಬ್ಬನೇ ಕೆಮ್ಮಿ ಒಳಗೆ ಬರಬೇಕಾಯಿತು.

"ಬಂದ್ರಾ? ಯಾರು ಬಂದಿದಾರೆ ನೋಡಿ," ಅಂದಳು ಮಂದಾಕಿನಿ.

ಚಾಪೆಯ ಮೇಲೆ ಕೂತಿದ್ದ ಹೆಂಗಸು ಎದ್ದು ಸೆರಗು ಹೊದ್ದುಕೊಂಡಳು. ನರೆತ ಕೂದಲು, ಬಿಸಿಯಲ್ಲಿ ಬೆಂದ ಕೈಗಳು. "ನಮಸ್ಕಾರ ಅಣ್ಣಾ. ನಾನು ನೀಲಾವತಿ. ಗುರುತು ಸಿಗಲಿಲ್ಲ ಅಲ್ವಾ? ಅವತ್ತು ನೀವು ಮುಖ ಆ ಕಡೆ ಮಾಡ್ಕೊಂಡು ನಿಂತಿದ್ರಿ, ತಿರುವಿಂದ ಕಾಣಿಸ್ತು."

"ಬಿಸಿಲಿತ್ತು," ಅಂದೆ.

"ಮೋಡ ಇತ್ತು ಅಣ್ಣಾ," ಅಂದಳು, ನಗುತ್ತಲೇ.

ಅವಳು ಹಾಸ್ಟೆಲಿನ ಕೆಲಸ ಬಿಟ್ಟು ಊರಿಗೆ ಮರಳಿದ್ದಳು. ಗಾಣಿಗರ ಓಣಿಯಲ್ಲಿ ಅವಳ ತಾಯಿಯ ಹಳೆಯ ಮನೆಯಿತ್ತು. ದಾಯಾದಿಗಳು ಬೇರೆ ಊರು ಸೇರಿ ಅದು ಖಾಲಿ ಬಿದ್ದಿತ್ತು. ಚಾರು ಹುಟ್ಟಿದ್ದು ಅದೇ ಮನೆಯಲ್ಲಿ. ಇದನ್ನೆಲ್ಲ ಮಂದಾಕಿನಿ ನನಗೆ ವಿವರಿಸುತ್ತಿದ್ದಾಗ ನಾನು ನೋಡುತ್ತಿದ್ದದ್ದು ಬೇರೆ. ನಡುವೆ ಒಂದು ಬುಟ್ಟಿ ಮೂಸಂಬಿಯಿತ್ತು. ಚಾರು ಒಂದನ್ನು ಸುಲಿಯುತ್ತಿದ್ದಳು, ನೀಲಾವತಿ ಇನ್ನೊಂದನ್ನು. ಇಬ್ಬರೂ ತೊಟ್ಟಿನಿಂದ ಶುರುಮಾಡಿ, ಹಣ್ಣನ್ನು ಅಂಗೈಯಲ್ಲಿ ತಿರುಗಿಸುತ್ತ, ಸಿಪ್ಪೆಯನ್ನು ಕಡಿಯದಂತೆ ಒಂದೇ ಎಳೆಯಾಗಿ ಬಿಡಿಸಿ ಇಟ್ಟರು. ಎರಡು ಸುರುಳಿಗಳು ನೆಲದ ಮೇಲೆ ಪಕ್ಕಪಕ್ಕ ಕೂತವು. ಹಾಗೆ ಸುಲಿಯುವುದನ್ನು ಚಾರುವಿಗೆ ನಾನು ಕಲಿಸಿದ್ದೆಂದು ತಿಳಿದಿದ್ದೆ.

ನೀಲಾವತಿ ಹೋದ ಮೇಲೆ ನಾನು ಎಲೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದೆ.

"ಏನು, ಸಾರು ಸಪ್ಪೆನಾ?" ಅಂದಳು ಮಂದಾಕಿನಿ.

"ಚಪ್ಪಲೀನ ಒಳಗೆ ಮುಖ ಮಾಡಿ ಬಿಟ್ಟಿದ್ದಳು."

"ಅಯ್ಯೋ ದೇವರೇ! ನಿಮ್ಮ ಹೊಟ್ಟೆಕಿಚ್ಚಲ್ಲಿ ಒಂದು ಒಲೆ ಹಚ್ಚಬಹುದು ರೀ, ಸೌದೆ ಉಳಿಯುತ್ತೆ. ಹೆತ್ತವಳು, ನೋಡೋಕೆ ಬಂದಿದಾಳೆ. ನಿಮ್ಮ ಗಂಟೇನು ಹೋಗುತ್ತೆ?"

ನನ್ನ ಗಂಟೇನು ಹೋಗುತ್ತದೆ ಎಂದು ಹುಟ್ಟಿದಾಗಿನಿಂದ ಅದೇ ಮನೆಯ ಓ ಕೇಳುತ್ತ ಬೆಳೆದವಳಿಗೆ ಹೇಗೆ ತಿಳಿಸಲಿ?

ನೀಲಾವತಿ ಆಮೇಲೆ ಮೇಲಿಂದ ಮೇಲೆ ಬರತೊಡಗಿದಳು. ಒಂದು ದಿನ ಅಂಗಡಿಗೇ ಬಂದಳು. ಸೂಜಿಗೆ ದಾರ ಏರಿಸಲು ಆಗುತ್ತಿಲ್ಲ, ಕನ್ನಡಕ ಬೇಕು ಅಂದಳು. ಚಾರು ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತಿದ್ದಳು. ನಾನೇ ನೀಲಾವತಿಯನ್ನು ಕುರ್ಚಿಯಲ್ಲಿ ಕೂರಿಸಿ, ಪರೀಕ್ಷೆಯ ಫ್ರೇಮ್ ಹಾಕಿ, ಒಂದೊಂದೇ ಗಾಜು ಬದಲಿಸುತ್ತ, "ಈಗ ಓದಿ" ಅಂದೆ. ಅವಳು ಅ ಆ ಇ ಎಂದು ಓದುತ್ತ ಹೋದಳು. ಚಾರುವಿಗೆ ಹುಟ್ಟಿನಿಂದ ಒಂದು ದೃಷ್ಟಿದೋಷವಿದೆ. ನೆಟ್ಟಗಿನ ಗೆರೆ ಅವಳಿಗೆ ಸ್ವಲ್ಪ ಓರೆಯಾಗಿ ಕಾಣುತ್ತದೆ. ಅದನ್ನು ತಿದ್ದಲು ಗಾಜನ್ನು ಫ್ರೇಮಿನಲ್ಲಿ ಒಂದು ನಿರ್ದಿಷ್ಟ ಓರೆಯಲ್ಲಿ ಕೂರಿಸಬೇಕು. ಆ ಓರೆಯನ್ನು ಅವಳ ಬಾಲ್ಯದಲ್ಲಿ ಪತ್ತೆ ಮಾಡಿದವನು ನಾನು. ಅದು ನನಗೆ ಕವಿತೆಯ ಸಾಲಿನ ಹಾಗೆ ಬಾಯಿಪಾಠ. ಈಗ ನೀಲಾವತಿಯ ಕಣ್ಣ ಮುಂದೆ ಗಾಜನ್ನು ಮೆಲ್ಲಗೆ ತಿರುಗಿಸಿದೆ. "ನಿಲ್ಲಿ, ನಿಲ್ಲಿ ಅಣ್ಣಾ, ಇಲ್ಲಿ ನೆಟ್ಟಗಾಯ್ತು," ಅಂದಳು. ನಾನು ಬಗ್ಗಿ ಗುರುತು ನೋಡಿದೆ. ಅದೇ ಓರೆ. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

ಅವರಿಬ್ಬರೂ ಈ ಲೋಕವನ್ನು ಒಂದೇ ಕಡೆಗೆ ವಾಲಿಸಿ ನೋಡುತ್ತಿದ್ದರು. ಅದರ ಸಾಕ್ಷಿ ನನ್ನ ಕೈಯಿಂದಲೇ ಆಗಬೇಕಾಗಿತ್ತು.

ಗಾಜನ್ನು ಸರಿಯಾಗಿಯೇ ಮಾಡಿಕೊಟ್ಟೆ. ಕಸುಬಿಗೆ ದ್ರೋಹ ಬಗೆಯುವಷ್ಟು ಕೆಟ್ಟಿರಲಿಲ್ಲ. ಆದರೆ ಅಂಗಡಿಯಲ್ಲಿದ್ದ ಫ್ರೇಮುಗಳಲ್ಲಿ ಅತ್ಯಂತ ಕುರೂಪವಾದದ್ದನ್ನು ಆರಿಸಿದೆ. ದಪ್ಪ, ಕಂದು, ಯಾರೂ ಕೊಳ್ಳದೆ ಬಣ್ಣಗೆಟ್ಟು ಬಿದ್ದಿದ್ದದ್ದು. ನೀಲಾವತಿ ಅದನ್ನು ಹಾಕಿಕೊಂಡು ಕನ್ನಡಿಯತ್ತ ತಿರುಗಿದಳು. ಒಳಗಿನಿಂದ ಬಂದ ಚಾರು ಚಪ್ಪಾಳೆ ತಟ್ಟಿದಳು. "ಅಪ್ಪಾ, ನಿಮ್ಮ ಕಣ್ಣೇ ಕಣ್ಣು! ಎಷ್ಟು ಚೆನ್ನಾಗಿ ಒಪ್ಪಿದೆ ನೋಡಿ!" ನಿಜಕ್ಕೂ ಒಪ್ಪಿತ್ತು.

ಅಂದು ಸಂಜೆ ಅಂಗಡಿ ಮುಚ್ಚುವ ಮೊದಲು ಚಾರು ಆ ಮಾತೆತ್ತಿದಳು. ಗಾಜಿನ ಪುಡಿ ಒರೆಸುತ್ತ, ನನ್ನ ಮುಖ ನೋಡದೆ, "ಅಪ್ಪಾ, ನಾನು ಆ ಮನೆ ಹೊಸ್ತಿಲಲ್ಲಿ ನಿಂತು ಒಂದ್ಸಲ ಕರೀಬೇಕು ಅಂತಿದೀನಿ," ಅಂದಳು.

"ಅವಳು ಹೇಳಿಕೊಟ್ಟಳಾ?"

"ಅವರು ಕೇಳಿದ್ರು. ಆದರೆ ನಂಗೂ ಬೇಕು."

"ಓ ಅಂದುಬಿಟ್ಟರೆ? ಇಲ್ಲಿ ಸುಮ್ಮನಾಗುತ್ತೆ. ಅದು ಗೊತ್ತಿದ್ದೂ?"

"ಗೊತ್ತಿದೆ ಅಪ್ಪಾ." ಅವಳು ಬಟ್ಟೆಯನ್ನು ಮಡಿಸಿ ಇಟ್ಟಳು. "ನಾಲ್ಕು ವರ್ಷ ನಾನು ಆ ಮನೇಲಿದ್ದೆ. ದಿನಾ ಹೊಸ್ತಿಲಲ್ಲಿ ನಿಂತು ಕರೆದಿರ್ತೀನಿ, ಅಲ್ವಾ? ಅದು ಓ ಅಂತಿತ್ತೋ ಇಲ್ವೋ ಒಂಚೂರೂ ನೆನಪಿಲ್ಲ. ಅವ್ವನ್ನ ಕೇಳಿದೆ, ಅವಳಿಗೂ ನೆನಪಿಲ್ವಂತೆ, ಅಳ್ತಾಳೆ. ಕಷ್ಟಕ್ಕೆ ಕೊಟ್ಟರು ಅನ್ನೋದು ನಂಗೆ ಅರ್ಥ ಆಗುತ್ತೆ. ಆದರೆ ಆ ಮನೆಗೂ ನಾನು ಬೇಡ ಆಗಿದ್ನಾ? ಅಷ್ಟು ಗೊತ್ತಾಗಬೇಕು. ಅಷ್ಟು ಗೊತ್ತಾಗದೆ ಇಲ್ಲಿ ದಿನಾ ಓ ಅನ್ನಿಸ್ಕೊಂಡು ಒಳಗೆ ಬರುವಾಗ ಯಾಕೋ ಕದ್ದು ತಗೊಂಡ ಹಾಗೆ ಅನಿಸುತ್ತೆ."

ಅವ್ವ ಅಂದಳು. ನನ್ನೆದುರಿಗೆ ಆ ಪದವನ್ನು ಅವಳು ಆಡಿದ್ದು, ನಾಲ್ಕು ವರ್ಷದವಳಾಗಿದ್ದಾಗ ಹೊಸ್ತಿಲಲ್ಲಿ ನಿಂತು ಬೀದಿಗೆ ಕೂಗಿದ ದಿನ ಬಿಟ್ಟರೆ, ಅಂದೇ.

ನಾನು ಅಂಗಡಿಗೆ ಬೀಗ ಹಾಕಿದೆ. ಆ ಸಂಜೆಯೂ ಅವಳು "ಅಪ್ಪಾ" ಎಂದು ಕರೆದಳು, ಮನೆ ಓ ಅಂದಿತು, ನಾನು ಹಿಂದೆ ಒಳಗೆ ಹೋದೆ. ಆದರೆ ಆ ಓ ಈಗ ನನ್ನ ಕಿವಿಗೆ ಎರವಲು ತಂದ ಕೊಡೆಯ ಹಾಗೆ, ಯಾವಾಗ ಬೇಕಾದರೂ ಮರಳಿ ಕೇಳಬಹುದಾದ್ದರ ಹಾಗೆ ಕೇಳಿಸಿತು.

ಮರುದಿನ ಚಾರುವನ್ನು ಅಂಗಡಿಯಲ್ಲಿ ಬಿಟ್ಟು ನಾನೊಬ್ಬನೇ ಗಾಣಿಗರ ಓಣಿಗೆ ನಡೆದೆ. ನೀಲಾವತಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುವುದೆಂದು ಮಾತುಗಳನ್ನು ಜೋಡಿಸಿಕೊಂಡೇ ಹೋಗಿದ್ದೆ. ಅವಳ ಮನೆಯ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಎದುರು ಕಟ್ಟೆಯ ಮೇಲೆ, ಬೇವಿನ ನೆರಳಿಗೆ, ಕೂತು ಕಾದೆ. ಸ್ವಲ್ಪ ಹೊತ್ತಿಗೆ ಅವಳು ನಲ್ಲಿಯ ಕಡೆಯಿಂದ ಕೊಡ ಹೊತ್ತು ಬಂದಳು. ನನ್ನನ್ನು ನೋಡಲಿಲ್ಲ. ಹೊಸ್ತಿಲ ಬಳಿ ಒಂದು ಗಳಿಗೆ ನಿಂತಳು. ಖಾಲಿ ಮನೆಯೊಳಕ್ಕೆ ಕತ್ತು ಚಾಚಿದಳು. ಕರೆಯುತ್ತಾಳೆ ಎಂದುಕೊಂಡೆ.

ಕೆಮ್ಮಿದಳು. ಸಣ್ಣಗೆ, ಗಂಟಲಿನ ಮೇಲ್ಭಾಗದಲ್ಲಿ, ಯಾರಿಗೂ ತೊಂದರೆಯಾಗದಂತೆ. ಕೆಮ್ಮಿ ಒಳಗೆ ಹೋದಳು.

ಮಗಳ ನಗು ಅವಳದಾಗಿತ್ತು, ಮೂಸಂಬಿಯ ಸಿಪ್ಪೆ ಅವಳದಾಗಿತ್ತು, ಕಣ್ಣಿನ ಓರೆ ಅವಳದಾಗಿತ್ತು. ಈಗ ನನ್ನ ಕೆಮ್ಮನ್ನೂ ತೆಗೆದುಕೊಂಡಿದ್ದಳು.

ಕೊಡ ಇಳಿಸಿ ಹೊರಗೆ ಬಂದವಳು ನನ್ನನ್ನು ಕಂಡು, "ಅಯ್ಯೋ ಅಣ್ಣಾ, ಬಿಸಿಲಲ್ಲಿ ಕೂತಿದೀರಲ್ಲ! ಬನ್ನಿ, ಬನ್ನಿ," ಅಂದಳು.

"ಇದು ನೆರಳು. ಇಲ್ಲೇ ಸರಿ. ನನ್ನನ್ನ ಅಣ್ಣ ಅನ್ನಬೇಡಿ ನೀಲಾವತಿಯವರೇ."

"ಇನ್ನೇನು ಅನ್ನಲಿ? ನನ್ನ ಮಗಳ ಅಪ್ಪ ಅಂತ ಬೀದೀಲಿ ಕೂಗಿದ್ರೆ ಜನ ಏನಂದುಕೊಳ್ತಾರೆ?"

ಅವಳು ತಮಾಷೆಗೆ ಅಂದಿದ್ದಳು. ನನಗೆ ನಗು ಬರಲಿಲ್ಲ. "ಅವಳನ್ನ ಕರೆಸಬೇಡಿ," ಅಂದೆ. "ಕೊಟ್ಟದ್ದನ್ನ ಹೀಗೆ ವಾಪಸ್ ಕೇಳಬಾರದು."

ನೀಲಾವತಿ ತನ್ನ ಹೊಸ್ತಿಲ ಮೇಲೆಯೇ ಕೂತಳು. ಓಣಿ ನಮ್ಮಿಬ್ಬರ ನಡುವೆ ಇತ್ತು. "ವಾಪಸ್ ಕೇಳ್ತಿಲ್ಲ ಅಣ್ಣಾ. ಈ ಮನೇಲಿ ನಾನು ಹುಟ್ಟಿದ್ದು. ಚಿಕ್ಕೋಳಿದ್ದಾಗ ಇದು ಎಷ್ಟು ಜೋರಾಗಿ ಅಂತಿತ್ತು ಗೊತ್ತಾ? ಈಗ ಬಂದು ಕರೆದ್ರೆ ಉಸಿರೇ ಇಲ್ಲ. ಮಗೂನ ಬಿಟ್ಟು ಹೋದೋಳಿಗೆ ಯಾಕೆ ಅಂದೀತು? ಸರಿ ಅದು. ಆದರೆ ಅವಳೇನು ಮಾಡಿದಾಳೆ? ಅವಳು ಕರೆದ್ರೆ ಅಂದೀತು. ಅವಳ ಹಿಂದೆ ಹಿಂದೆ ನಾನೂ ಒಂದು ದಿನ ಈ ಬಾಗಿಲಲ್ಲಿ ನೆಟ್ಟಗೆ ಒಳಗೆ ಹೋಗಬೇಕು. ಅಷ್ಟೇ ಆಸೆ. ಕಳ್ಳಿ ಹಾಗೆ ಕೆಮ್ಮಿ ಕೆಮ್ಮಿ ಸಾಕಾಗಿದೆ."

ನನ್ನ ಒಳಗನ್ನು ಯಾರೋ ತೆರೆದು ಅಂಗಳದಲ್ಲಿ ಒಣಗಹಾಕಿದ ಹಾಗಿತ್ತು. ಇಂಥ ಹೊತ್ತಿನಲ್ಲಿ ಮನಸ್ಸು ಕರಗಬೇಕೆಂದು ನಾನು ಓದಿದ ಕಾವ್ಯಗಳೆಲ್ಲ ಹೇಳುತ್ತವೆ. ನನ್ನದು ಕರಗಲಿಲ್ಲ. ನಾನು ಇಷ್ಟು ವರ್ಷ ಬಚ್ಚಿಟ್ಟುಕೊಂಡಿದ್ದ ಆಸೆಯನ್ನು ಅವಳು ಬೀದಿಯಲ್ಲಿ ಕೂತು ಎರಡು ಮಾತಿನಲ್ಲಿ ಆಡಿ ಮುಗಿಸಿದ್ದಳು, ಅದಕ್ಕೂ ಅಸೂಯೆಯಾಯಿತು. ಎದ್ದು ಬಂದುಬಿಟ್ಟೆ.

ಮಂದಾಕಿನಿ ಹಬ್ಬವಲ್ಲದ, ಅಮಾವಾಸ್ಯೆಯಲ್ಲದ ಒಂದು ದಿನ ನೋಡಿದಳು. "ಅಮ್ಮಾ, ನೀನೂ ಬಾ," ಅಂದಳು ಚಾರು. "ನಾನು ಮನೇಲಿರ್ತೀನಿ ಕಣೇ. ವಾಪಸ್ ಬಂದಾಗ ಒಳಗೆ ಯಾರಾದ್ರೂ ಇರಬೇಕಲ್ಲ," ಅಂದು ಮಂದಾಕಿನಿ ಅವಳ ತಲೆ ಬಾಚಿದಳು. ಮದುವೆಗೆ ಬಾಚುವಷ್ಟು ನಿಧಾನವಾಗಿ. ನನ್ನ ಕಡೆ ತಿರುಗಿ, "ನೀವು ಹೋಗಿ. ಮುಖ ಆ ಕಡೆ ಮಾಡ್ಕೊಂಡು ನಿಂತ್ಕೋಬೇಡಿ," ಅಂದಳು.

ಸಂಜೆ ಬಿಸಿಲು ಇಳಿಯುತ್ತಿರುವಾಗ ನಾವು ಗಾಣಿಗರ ಓಣಿ ಸೇರಿದೆವು. ನೀಲಾವತಿ ಹೊಸ್ತಿಲು ತೊಳೆದು, ಕಂದು ಕನ್ನಡಕ ಹಾಕಿಕೊಂಡು, ಬಾಗಿಲ ಪಕ್ಕದಲ್ಲಿ ನಿಂತಿದ್ದಳು. ಓಣಿಯ ಜನ ತಮ್ಮ ತಮ್ಮ ಕಿಟಕಿಗಳಲ್ಲಿ ಏನೋ ಕೆಲಸವಿದ್ದವರ ಹಾಗೆ ಸುಳಿದಾಡುತ್ತಿದ್ದರು. ನಾನು ಬೇವಿನ ಕಟ್ಟೆಯ ಬಳಿ ಉಳಿದೆ. ಚಾರು ಚಪ್ಪಲಿ ಬಿಟ್ಟು ಹೊಸ್ತಿಲ ಮೇಲೆ ನಿಂತಳು.

"ಅವ್ವಾ," ಎಂದು ಒಳಗೆ ಕರೆದಳು.

ಏನೂ ಇಲ್ಲ. ಮಾಡಿನಲ್ಲಿ ಒಂದು ಪಾರಿವಾಳ ರೆಕ್ಕೆ ಕೊಡವಿತು.

ಇನ್ನೊಮ್ಮೆ ಕರೆದಳು, ಗಟ್ಟಿಯಾಗಿ. ನೀಲಾವತಿ ಕಣ್ಣು ಮುಚ್ಚಿಕೊಂಡಿದ್ದಳು. ಮನೆ ಸುಮ್ಮನಿತ್ತು. ಅದು ನಮ್ಮೂರಿನವರೆಲ್ಲರಿಗೂ ಗೊತ್ತಿರುವ ಮೌನ. ಬಾವಿಗೆ ಹಾಕಿದ ಕಲ್ಲು ನೀರು ಮುಟ್ಟದೇ ಹೋದಂಥದ್ದು. ಕಿಟಕಿಗಳಲ್ಲಿದ್ದ ತಲೆಗಳು ಒಂದೊಂದಾಗಿ ಒಳಗೆ ಸರಿದವು.

ನನಗೆ ಸಂತೋಷವಾಯಿತು. ಎದೆಯಲ್ಲಿ ಯಾರೋ ದೀಪ ಹಚ್ಚಿದಷ್ಟು ಸಂತೋಷ. ಚಾರುವಿನ ಬೆನ್ನು ಕುಗ್ಗಿದ್ದು ಕಾಣುತ್ತಿತ್ತು, ನೀಲಾವತಿಯ ಕೈ ಬಾಗಿಲ ಚೌಕಟ್ಟನ್ನು ಹಿಡಿದದ್ದು ಕಾಣುತ್ತಿತ್ತು; ಆದರೂ ಆ ಸಂತೋಷ ನಿಲ್ಲಲಿಲ್ಲ. ಇನ್ನು ಮನೆಗೆ ಹೋಗುವುದು. ಅವಳು ಕರೆಯುವುದು, ನಾನು ಹಿಂದೆ ಒಳಗೆ ಹೋಗುವುದು. ಸಾಯುವವರೆಗೆ.

ಚಾರು ಸೆರಗಿನಿಂದ ಮುಖ ಒರೆಸಿಕೊಂಡಳು. ಹೊಸ್ತಿಲ ಮೇಲೆಯೇ ಬೀದಿಯ ಕಡೆ ತಿರುಗಿದಳು. ದಿನವೂ ನಮ್ಮ ಮನೆಯಲ್ಲಿ ತಿರುಗುವ ಹಾಗೆ, ಅದೇ ಅಭ್ಯಾಸದಿಂದ, ಕಟ್ಟೆಯ ಬಳಿ ನಿಂತ ನನ್ನನ್ನು ನೋಡಿ, "ಅಪ್ಪಾ," ಎಂದು ಕರೆದಳು. "ಅಪ್ಪಾ, ಹೋಗೋಣ."

"ಓ."

ತೆಳ್ಳಗಿನ, ಬಹಳ ದಿನ ಮಾತಾಡದವರ ಗಂಟಲಿನಿಂದ ಬಂದಂಥ ಓ. ಒಲೆಯ ಮೂಲೆಯಿಂದ ಹೊರಟು, ಅವಳ ಭುಜದ ಮೇಲಿಂದ ಹಾದು, ಓಣಿಯನ್ನು ದಾಟಿ ನನ್ನವರೆಗೆ ಬಂತು.

ಚಾರು ನಿಧಾನವಾಗಿ ಹಿಂದಕ್ಕೆ ತಿರುಗಿ ಮನೆಯೊಳಕ್ಕೆ ನೋಡಿದಳು. ನೀಲಾವತಿ ಇದ್ದಲ್ಲೇ ಕುಸಿದು ಕೂತು, ಕನ್ನಡಕ ತೆಗೆದು, ಗೊಳೋ ಎಂದು ಅತ್ತಳು. ಕಿಟಕಿಗಳಿಂದ ತಲೆಗಳು ಮತ್ತೆ ಹೊರಬಂದವು. ಚಾರು ಅವಳನ್ನು ಎಬ್ಬಿಸಿ, ಸೊಂಟ ಬಳಸಿ, ಒಳಗೆ ಕರೆದುಕೊಂಡು ಹೋದಳು. ನೀಲಾವತಿ ಕೆಮ್ಮದೆ ಹೋದಳು. ಎಷ್ಟು ನೆಟ್ಟಗೆ ನಡೆದಳೆಂದರೆ ನಾನು ಬೇವಿನ ಮರವನ್ನು ನೋಡಿದೆ.

ನನ್ನನ್ನು ಕರೆದದ್ದು. ಆ ಮನೆ ಓ ಅಂದದ್ದು ನನ್ನ ಹೆಸರಿಗೆ. ಮೊದಲ ದಿನ ನಮ್ಮ ಮನೆ ನೀಲಾವತಿಯ ಕರೆಯನ್ನು ಕಿತ್ತುಕೊಂಡ ಹಾಗೆ ಈ ಮನೆ ನನ್ನದನ್ನು ಕಿತ್ತುಕೊಂಡಿತ್ತು.

ಮೊದಲ ಓ ಬಂದ ದಿನ ಆ ಮನೆಯಲ್ಲೇ ಮಲಗಬೇಕೆಂಬುದು ನಮ್ಮಲ್ಲಿ ನಿಯಮ. ಸೊಸೆಯಂದಿರೂ ಹಾಗೆಯೇ ಮಾಡುತ್ತಾರೆ. "ಬಟ್ಟೆ ತಗೊಂಡು, ಅಮ್ಮನಿಗೆ ಹೇಳಿ ಬರ್ತೀನಿ," ಎಂದು ಚಾರು ನನ್ನ ಜೊತೆ ಹೊರಟಳು. ದಾರಿಯಲ್ಲಿ, "ಬೇಜಾರಾ ಅಪ್ಪಾ?" ಅಂದಳು.

"ನಿನಗೆ ಬೇಕಾದ್ದು ಗೊತ್ತಾಯ್ತಲ್ಲ."

"ಗೊತ್ತಾಯ್ತು. ಅವ್ವಾ ಅಂದಾಗ ಅನ್ನಲಿಲ್ಲ ನೋಡಿ," ಅಂದಳು.

ನಮ್ಮ ಬೀದಿಯ ತಿರುವು ಬಂತು. ನಮ್ಮ ಬಾಗಿಲು ಕಂಡಿತು. ಚಾರುವಿನ ಹೆಜ್ಜೆ ಚಿಕ್ಕದಾಯಿತು. ಹೊಸ್ತಿಲಿಗೆ ಸ್ವಲ್ಪ ದೂರದಲ್ಲಿ ಅವಳು ನಿಂತೇಬಿಟ್ಟಳು, ತಣ್ಣೀರಿನ ಹೊಳೆಯ ಅಂಚಿನಲ್ಲಿ ನಿಂತವಳ ಹಾಗೆ. ಕರೆಯಲೇಬೇಕು, ಕರೆಯದೆ ಒಳಗೆ ಹೋದರೆ ಕೆಮ್ಮಿ ಹೋದಂತೆಯೇ. ಅವಳ ಗಂಟಲು ಅಲುಗುತ್ತಿತ್ತು. ಅವಳು ಈಗ ಏನು ಮಾಡುತ್ತಾಳೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೊದಲು ಗಂಟಲನ್ನು ಸ್ವಲ್ಪ ಬಿಗಿಹಿಡಿಯಬೇಕು. ಆಮೇಲೆ ಅದು ತಾನಾಗಿ ಬರುತ್ತದೆ.

ನಾನು ಅವಳನ್ನು ದಾಟಿ ಮುಂದೆ ಹೋದೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವಳಿಗಿಂತ ಮುಂದೆ. ಕೆಮ್ಮಲಿಲ್ಲ, ಕರೆಯಲಿಲ್ಲ, ಹೊಸ್ತಿಲು ದಾಟಿ, ನಡುಮನೆ ದಾಟಿ, ಉಗ್ರಾಣದ ಬಾಗಿಲ ಬಳಿ ಹೋಗಿ ನಿಂತೆ. ಅಡುಗೆಮನೆಯಲ್ಲಿ ಮಂದಾಕಿನಿ ಸೌಟು ಹಿಡಿದು ನಿಂತಿದ್ದಳು. ನನ್ನ ಮುಖ ನೋಡಿಯೇ ಅವಳಿಗೆ ಅರ್ಥವಾಯಿತು. ಏನೂ ಕೇಳದೆ ಒಂದು ಪಾತ್ರೆಯನ್ನು ಕೈಗೆತ್ತಿಕೊಂಡಳು, ಸದ್ದು ಮಾಡಲು.

ನಾನು ಅವಳ ಕೈ ಹಿಡಿದೆ. "ಬೇಡ. ಸುಮ್ಮನಿರು."

"ಅಪ್ಪಾ," ಎಂದು ಹೊರಗಿನಿಂದ ಚಾರು ಕರೆದಳು.

ಮನೆ ಓ ಅನ್ನಲಿಲ್ಲ. ನಾನು ಆ ಮೌನದ ಪಕ್ಕದಲ್ಲೇ ನಿಂತಿದ್ದೆ, ಅದು ಹುಟ್ಟುವ ಜಾಗದಲ್ಲಿ. ಅಲ್ಲಿ ಬೇಳೆ, ಹುಣಿಸೆಹಣ್ಣು, ಹಳೆಯ ಗೋಣಿಯ ವಾಸನೆಯಿತ್ತು, ಅಷ್ಟೇ. ನಾನು ಇಷ್ಟು ಕಾಲ ಅಂಗಲಾಚಿದ್ದು ಒಂದು ಗೋಡೆಯ ಮೂಲೆಯನ್ನು.

ಬಾಯಿ ತೆರೆದೆ. ಜೀವಮಾನದಲ್ಲಿ ಆಡದ ಅಕ್ಷರ. ನಾಲಗೆಗೆ ಅದರ ದಾರಿ ಗೊತ್ತಿರಲಿಲ್ಲ. ಗಂಟಲಿನಲ್ಲಿ ಏನೋ ತೊಡರಿ, ಉರುಳಿ, ಹೊರಬಿತ್ತು.

ಮಂದಾಕಿನಿ ಬಾಯಿಗೆ ಕೈ ಅಡ್ಡ ಹಿಡಿದಳು.

ಹೊರಗಿನಿಂದ ಚಾರುವಿನ ದನಿ: "ಅಪ್ಪಾ, ಅದು ಕೆಮ್ಮಾ?"

"ಕೆಮ್ಮಲ್ಲ," ಅಂದೆ. "ಇನ್ನೊಂದ್ಸಲ ಕರಿ."

"ಅಪ್ಪಾ!"

"ಓ," ಅಂದೆ.

ಒಡೆದ ದನಿ, ಮುದುಕನದು. ಹಂಡೆಯ ಗಾಂಭೀರ್ಯ ಅದಕ್ಕಿರಲಿಲ್ಲ. ಎದುರುಮನೆಯ ಮಿಠಾಯಿಯವರು ಕೇಳಿಸಿಕೊಂಡಿರಬೇಕು. ಅವರ ಜಗಲಿಯಲ್ಲಿ ಯಾರೋ "ಶಿವಶಿವಾ" ಅಂದರು. ಚಾರು ನಗುತ್ತ, ಮೂಗು ಒರೆಸಿಕೊಳ್ಳುತ್ತ, ಒಳಗೆ ಬಂದಳು. ಅದು ಆ ಮಧ್ಯಾಹ್ನ ನಾನು ಕೇಳಿದ್ದ, ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದ ನಗುವೇ. ಮಂದಾಕಿನಿ, "ಈ ವಯಸ್ಸಲ್ಲಿ ನಾಚಿಕೆ ಬಿಟ್ರಿ," ಅಂದಳು. ನನ್ನ ಕೈಯನ್ನು ಮಾತ್ರ ಬಿಡಲಿಲ್ಲ. ಆಮೇಲೆ ಮೆಲ್ಲಗೆ, "ನೀವು ಹೊರಗಿಂದ ಕೆಮ್ಮಿದಾಗೆಲ್ಲ ನಾನೂ ಹೀಗೆ ಅಂದುಬಿಡಬಹುದಿತ್ತು. ಹೊಳೀಲೇ ಇಲ್ಲ ನೋಡಿ," ಅಂದಳು.

ಮೂವರೂ ಕೂತು ಉಪ್ಪಿಟ್ಟು ತಿಂದೆವು. ಚಾರು ಎರಡು ಸೀರೆ, ಬಾಚಣಿಗೆ, ಕನ್ನಡಕದ ಡಬ್ಬಿ ಚೀಲಕ್ಕೆ ಹಾಕಿಕೊಂಡಳು. ಮಂದಾಕಿನಿ ಕುಂಕುಮವಿಟ್ಟಳು. "ನಾಳೆ ಅಂಗಡಿಗೆ ನೇರ ಅಲ್ಲಿಂದಾನೇ ಬರ್ತೀನಿ ಅಪ್ಪಾ. ಆ ದಪ್ಪ ಗಾಜು ನೀವು ಉಜ್ಜಬೇಡಿ, ಕೈ ನೋಯುತ್ತೆ," ಅಂದಳು.

ಅವಳು ಹೊಸ್ತಿಲು ದಾಟಿದಳು. ಸ್ವಲ್ಪ ಹೊತ್ತಿಗೆ ಗಾಣಿಗರ ಓಣಿಯಲ್ಲಿ ಇನ್ನೊಂದು ಹೊಸ್ತಿಲ ಮೇಲೆ ನಿಂತು ಅವಳು ಕರೆಯುತ್ತಾಳೆ. ಯಾರನ್ನು ಕರೆಯುತ್ತಾಳೋ. ಆ ಮನೆ ಓ ಅನ್ನುತ್ತದೆ, ದಿನದಿಂದ ದಿನಕ್ಕೆ ಗಟ್ಟಿಯಾಗಿ, ಇಬ್ಬರಿಗಾಗುವಷ್ಟು. ಕಂದು ಕನ್ನಡಕದ ಆ ಹೆಂಗಸು ಹಿಂದೆಯೇ ತಲೆಯೆತ್ತಿ ಒಳಗೆ ನಡೆಯುತ್ತಾಳೆ. ಅದನ್ನು ನೆನೆದರೆ ಈಗಲೂ ನನ್ನ ಹೊಟ್ಟೆಯಲ್ಲಿ ಮಂದಾಕಿನಿ ಹೇಳಿದ ಆ ಒಲೆ ಹೊತ್ತಿಕೊಳ್ಳುತ್ತದೆ.

ಮೆಟ್ಟಿಲ ಮೇಲೆ ನಿಂತು ಅವಳು ಚಪ್ಪಲಿ ಮೆಟ್ಟಿಕೊಂಡಳು. ಬಾಗಿಲನ್ನು ಎಳೆದುಕೊಳ್ಳಲು ಕೈ ಚಾಚಿದವಳು, ಏನೋ ನೆನಪಾದ ಹಾಗೆ, ತಿರುಗಿ ನೋಡದೆಯೇ, ಬೀದಿಗೆ ಮುಖಮಾಡಿ, "ಅಪ್ಪಾ" ಅಂದಳು.

"ಓ," ಅಂದೆ, ಬೀದಿಗೆಲ್ಲ ಕೇಳುವ ಹಾಗೆ.

ಅವಳು ಬಾಗಿಲು ಮುಂದೆಮಾಡಿಕೊಂಡು ಹೋದಳು.